ಕಾರಣ ಕಾಣದ ದಟ್ಟಣೆ

ಇಂದು ಬೆಳಿಗ್ಗೆ ಹೆಬ್ಬಾಳದ ಮೇಲ್ಸೇತುವೆಯ ಬಳಿ 20 ನಿಮಿಷ ನಿಂತು ಕೊನೆಗೂ ಮುಂದೆ ಸಾಗಿದಾಗ, ಅಲ್ಲಿ ಅಪಘಾತವಾಗಲಿ ಕೆಟ್ಟು ನಿಂತ ಲಾರಿಯಾಗಲಿ ಕಾಣಲಿಲ್ಲ. ಜಪಾನಿನ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ನೆನಪಾಯಿತು. 230 ಮೀಟರ್ ಸುತ್ತಳತೆಯ ವರ್ತುಲದಲ್ಲಿ 22 ಕಾರುಗಳನ್ನು ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಓಡಿಸಲು ಹೇಳಿದಾಗ, ಸಿಗ್ನಲ್ ಇಲ್ಲದಿದ್ದರೂ, ಯಾವ ಅಡೆತಡೆ ಇಲ್ಲದಿದ್ದರೂ, ವೇಗದ ಸಣ್ಣ ಏರಿಳಿತಗಳೇ ಒಬ್ಬ ಚಾಲಕನಿಂದ ಹಿಂದಿನವನಿಗೆ ದಾಟುತ್ತ ಬೆಳೆದು ಕೆಲವು ಕಾರುಗಳನ್ನು ಪೂರ್ತಿ ನಿಲ್ಲಿಸಿದವು. ಆ ದಟ್ಟಣೆ ಅಲೆಯಂತೆ ಹಿಂದಕ್ಕೆ ಸರಿಯುತ್ತಿತ್ತು. ಮುಂದೆ ಅಮೆರಿಕದ ಟೂಸಾನ್‌ನಲ್ಲಿ, ಇಂಥದೇ ವರ್ತುಲದಲ್ಲಿ, ಸಮವೇಗ ಕಾಯ್ದುಕೊಂಡ ಒಂದೇ ಒಂದು ಸ್ವಯಂಚಾಲಿತ ಕಾರು ಆ ಅಲೆಯನ್ನು ಅಡಗಿಸಿತೆಂಬುದು ನನಗೆ ಇನ್ನೂ ದೊಡ್ಡ ಸಂಗತಿ. ಬೈಕು, ಆಟೊ, ಬಸ್ಸು ಬೆರೆತು ಸಾಗುವ ನಮ್ಮ ರಸ್ತೆಗಳಿಗೆ ಅದೇ ಲೆಕ್ಕ ಹಾಗೆಯೇ ಹೊಂದಲಾರದು. ಆದರೂ ನಾಳೆಯಿಂದ ಮುಂದಿನ ವಾಹನಕ್ಕೆ ಅಂಟಿಕೊಳ್ಳದೆ ತುಸು ಅಂತರವಿಟ್ಟು ಓಡಿಸಲಿದ್ದೇನೆ.