ಚೌತಿಗೆ ಡಿಪಿ ಚೌಕಟ್ಟು: 288 ಪಿಕ್ಸೆಲ್‌ನಲ್ಲಿ ಫಲಾವಳಿ ಕಟ್ಟುವುದು

ಶಿರಸಿ
18 ಆಗಸ್ಟ್ 2025, ಸೋಮವಾರ

ಚೌತಿ 27ಕ್ಕೆ. ಊರ ಬಳಗದ ತಾಣದಲ್ಲಿ ಡಿಪಿ (ಪ್ರೊಫೈಲ್ ಚಿತ್ರ) ಸುತ್ತಲಿನ ಹಬ್ಬದ ಚೌಕಟ್ಟು 26ರ ರಾತ್ರಿಯೊಳಗೆ ಏರಬೇಕೆಂದರೆ ಚಿತ್ರದ ಕೆಲಸ ಈ ವಾರವೇ ಮುಗಿಯಬೇಕು. ಉಳಿದ ದಿನ ಪರೀಕ್ಷೆಗೇ ಬೇಕು. ಇವತ್ತಿನ ಟಿಪ್ಪಣಿ ಪೂರ್ತಿ ಅದರದ್ದೇ.

ದೊಡ್ಡ ತಾಣಗಳಿಗೆ ಇದೇನೂ ಹೊಸದಲ್ಲ. ಆಟಗಳನ್ನು ಮಾರುವ ಸ್ಟೀಮ್ 2020ರಲ್ಲಿ ಪಾಯಿಂಟ್ಸ್ ಶಾಪ್ ತೆರೆದು ಅವತಾರ್ ಫ್ರೇಮ್ (ಡಿಪಿಯ ಚೌಕಟ್ಟು) ಕೊಟ್ಟಿತು. ಮಾತುಕತೆಯ ತಾಣ ಡಿಸ್ಕಾರ್ಡ್ 2023ರಲ್ಲಿ ಅಂಗಡಿ ಇಟ್ಟು ಮಾರತೊಡಗಿತು. ಅಕ್ಟೋಬರ್ ಬಂತೆಂದರೆ ಅಲ್ಲಿ ಕುಂಬಳಕಾಯಿ ದೀಪ, ಡಿಸೆಂಬರ್ ಬಂತೆಂದರೆ ಹಿಮ. ಅವರು ಮಾಡಿಟ್ಟದ್ದನ್ನು ತೊಡಬಹುದೇ ಹೊರತು ನಮ್ಮದನ್ನು ಏರಿಸಲು ಬರುವುದಿಲ್ಲ. ಸ್ವಂತ ತಾಣ ಇರುವ ಬಳಗಕ್ಕೆ ಆ ಕಟ್ಟಿಲ್ಲ. ಡಿಸೆಂಬರ್‌ನಲ್ಲೂ ಬೆವರೊರೆಸಿಕೊಳ್ಳುವ ಕಾರವಾರದವರ ತಲೆಗೆ ಹಿಮದ ಟೋಪಿ ಇಡುವುದಕ್ಕಿಂತ ಫಲಾವಳಿ, ಅಂದರೆ ಗಣಪತಿಯ ಮೇಲೆ ತೂಗುವ ಹಣ್ಣು-ಕಾಯಿಗಳ ಅಲಂಕಾರ, ಕಟ್ಟುವುದು ಮೇಲು.

ಮೊದಲು ಅಳತೆ. ಕ್ಯಾನ್ವಾಸ್ 288 × 288 ಪಿಕ್ಸೆಲ್, ನಡುವೆ ಡಿಪಿಯ ವೃತ್ತ 240. ಅಂದರೆ ಅಲಂಕಾರ ಡಿಪಿಗಿಂತ 1.2 ಪಟ್ಟು ದೊಡ್ಡದು, ಸುತ್ತ 24 ಪಿಕ್ಸೆಲ್ ಅಂಚು. ಕೇಂದ್ರದಿಂದ 120ಕ್ಕೆ ಒಂದು ಗೆರೆ (ಡಿಪಿಯ ಅಂಚು), 108ಕ್ಕೆ ಇನ್ನೊಂದು (ಒಳಗೆ ಇಲ್ಲಿಯವರೆಗೆ ಮಾತ್ರ ಚಾಚಬಹುದು), 140ಕ್ಕೆ ಮತ್ತೊಂದು (ಹೊರಗೆ ಇಲ್ಲಿಗೆ ಮುಗಿಯಬೇಕು). ಹೊರಗಿನ 4 ಪಿಕ್ಸೆಲ್ ಖಾಲಿ ಬಿಡದಿದ್ದರೆ ಚಿತ್ರ ಚಿಕ್ಕದಾದಾಗ ಹಣ್ಣಿನ ಬೆನ್ನು ಚಪ್ಪಟೆಯಾಗಿ ಕತ್ತರಿಸಿದಂತೆ ಕಾಣುತ್ತದೆ.

ಈ ಮೂರು ಗೆರೆಗಿಂತ ಮುಖ್ಯವಾದದ್ದು ಒಂದು ಭಾಗಾಕಾರ. ಮಾತುಕತೆಯ ಪಟ್ಟಿಯಲ್ಲಿ ಡಿಪಿ ಸಾಮಾನ್ಯವಾಗಿ 40 ಪಿಕ್ಸೆಲ್, ಅಲಂಕಾರ ಸೇರಿ 48. ಕ್ಯಾನ್ವಾಸಿನ 6 ಪಿಕ್ಸೆಲ್ ಪರದೆಯ ಮೇಲೆ 1. ಎರಡು ಪಟ್ಟು ಸಾಂದ್ರತೆಯ ಮೊಬೈಲ್ ಪರದೆಯಲ್ಲಿ ಸ್ವಲ್ಪ ಹೆಚ್ಚು ಉಳಿಯುತ್ತದೆ, ಆದರೂ 6ಕ್ಕಿಂತ ತೆಳ್ಳನೆಯ ಗೆರೆ ಎಳೆಯುವುದು ವ್ಯರ್ಥ ಶ್ರಮ. 288ರಲ್ಲಿ ಕಣ್ಣಿಗೆ ಹಬ್ಬವಾದದ್ದು 48ರಲ್ಲಿ ಹಸಿರು ಕೆಸರಾಗುವುದು ಇದರಿಂದಲೇ. ಆದ್ದರಿಂದ ಬಿಡಿಸುವಾಗ ಪಕ್ಕದಲ್ಲೇ ಅದೇ ಚಿತ್ರವನ್ನು 48ರ ಅಳತೆಯಲ್ಲಿ ಇನ್ನೊಂದು ಕಿಟಕಿಯಲ್ಲಿ ತೆರೆದಿಟ್ಟಿರಬೇಕು. ಡಿಪಿ 24 ಪಿಕ್ಸೆಲ್‌ಗೆ ಇಳಿಯುವ ಜಾಗಗಳಲ್ಲಿ ಅಲಂಕಾರವನ್ನು ತೋರಿಸಲೇಬಾರದು.

ಈಗ ಫಲಾವಳಿ. ಗಣಪತಿಯ ತಲೆ ಮೇಲೆ ಕಟ್ಟುವ ಮರದ ಚೌಕಟ್ಟು, ಅದಕ್ಕೆ ತೆಂಗಿನಕಾಯಿ, ಅಡಿಕೆ ಗೊನೆ, ಸಿಂಗಾರ (ಅಡಿಕೆಯ ಹೂಗೊನೆ), ಚಕ್ಕೋತ, ಮೊಗೆಕಾಯಿ, ಹಾಗಲ, ಹೀರೆ, ಕಾಡಿನ ಕಾಯಿ-ಹೂಗಳು. ಕಾರವಾರದ ಕಡೆ ಕೊಂಕಣಿ ಮನೆಗಳ ಮಾಟೋಳಿಯೂ ಇದೇ ಬಗೆ. ಅಸಲಿಯದು ಚೌಕ, ಡಿಪಿ ದುಂಡು. ಚೌಕವನ್ನು ಬಿಟ್ಟು ಕಮಾನು ಮಾಡಬೇಕು: ನೆತ್ತಿಯಿಂದ ಎಡಕ್ಕೆ 75 ಡಿಗ್ರಿ, ಬಲಕ್ಕೆ 75.

ತ್ರಿಜ್ಯ 132ರಲ್ಲಿ 150 ಡಿಗ್ರಿ ಕಮಾನಿನ ಉದ್ದ ಸುಮಾರು 345 ಪಿಕ್ಸೆಲ್. ಒಂದೊಂದಕ್ಕೆ 24, ಸಂದಿಗೆ 6 ಎಂದರೆ 11 ಕಾಯಿ ಹಿಡಿಸುತ್ತವೆ. ಆದರೆ 24 ಎಂದರೆ ಪಟ್ಟಿಯಲ್ಲಿ ಬರೀ 4 ಪಿಕ್ಸೆಲ್ ಚುಕ್ಕೆ; ತೆಂಗಿನಕಾಯಿ ಯಾವುದು, ಚಕ್ಕೋತ ಯಾವುದು, ಗೊತ್ತಾಗದು. ಮನೆಯ ಫಲಾವಳಿಯಲ್ಲಿ ಬಗೆ ಹೆಚ್ಚಿದಷ್ಟೂ ಹೆಮ್ಮೆ, ಇಲ್ಲಿ ತದ್ವಿರುದ್ಧ. ಐದೇ ಸಾಕು, ತಲಾ 45 ಪಿಕ್ಸೆಲ್ ಅಗಲ. ಉಳಿದ 120ರಲ್ಲಿ ಆರು ಸಂದಿಗೆ 20ರಂತೆ ಮಾವಿನ ಎಲೆ.

ಯಾವ ಐದು ಎನ್ನುವುದನ್ನು ರುಚಿಗಿಂತ ಭೌತಶಾಸ್ತ್ರ ನಿರ್ಧರಿಸುತ್ತದೆ. ನೆತ್ತಿಯಲ್ಲಿ ತೂಗುವ ವಸ್ತು ಕೆಳಗೆ ಇಳಿದರೆ ನೇರ ಹಣೆಯ ಮೇಲೆ ಬರುತ್ತದೆ, ಹಾಗಾಗಿ ಅಲ್ಲಿ ಗಿಡ್ಡದ್ದೇ ಬೇಕು: ತೆಂಗಿನಕಾಯಿ, ಎತ್ತರ 32, ಅಂದರೆ 108 ಮತ್ತು 140ರ ಗೆರೆಗಳ ನಡುವೆ ಸರಿಯಾಗಿ. ಅದರ ಎಡಕ್ಕೆ ಚಕ್ಕೋತ, ಬಲಕ್ಕೆ ಗೌರಿ ಹೂ (ಅಗ್ನಿಶಿಖೆ). ಎರಡು ತುದಿಗಳಲ್ಲಿ ಮಾತ್ರ ಉದ್ದದ್ದು ಕಟ್ಟಬಹುದು. ವೃತ್ತದ ಪಕ್ಕಕ್ಕೆ ಬಂದಂತೆ ಅಂಚಿನ ಗೆರೆಯೇ ಲಂಬವಾಗುತ್ತದೆ, ತೂಗುವುದೂ ಲಂಬ. ಹಾಗಾಗಿ ಮುಖ ಮುಚ್ಚದೆ ಅಂಚಿನಗುಂಟ ಇಳಿಯುತ್ತದೆ. ಎಡಕ್ಕೆ ಅಡಿಕೆ ಗೊನೆ, ಬಲಕ್ಕೆ ಸಿಂಗಾರ. 75ರಿಂದ 100 ಡಿಗ್ರಿವರೆಗೆ, ಸುಮಾರು 58 ಪಿಕ್ಸೆಲ್ ಉದ್ದ. ಇಲ್ಲಿ ಅಗಲವನ್ನು 24ಕ್ಕೆ ಇಳಿಸಬೇಕು, ಇಲ್ಲವಾದರೆ ಕಿವಿ ಮುಚ್ಚುತ್ತದೆ.

ಬಲಗಡೆ 100 ಡಿಗ್ರಿ ದಾಟಬಾರದು ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕೆಳಗೆ ಬಲಕ್ಕೆ, 135 ಡಿಗ್ರಿಯಲ್ಲಿ, ಆನ್‌ಲೈನ್ ಇದ್ದಾರೆಂದು ತೋರಿಸುವ ಹಸಿರು ಚುಕ್ಕೆ ಕೂತಿರುತ್ತದೆ. ಅದರ ಕೇಂದ್ರ ಹೆಚ್ಚುಕಡಿಮೆ (229, 229). ಸುತ್ತ 60 ಪಿಕ್ಸೆಲ್ ವ್ಯಾಸದ ಜಾಗ ಖಾಲಿ ಇರಲಿ. ಹಸಿರು ಎಲೆ ಅಲ್ಲಿಗೆ ಬಂದರೆ ಎಲ್ಲರೂ ಸದಾ ಆನ್‌ಲೈನ್ ಇದ್ದಂತೆ ಕಾಣುತ್ತಾರೆ.

ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಬಿಡಿಸುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ: ಕಮಾನಿನ ಮೇಲೆ ಕಾಯಿಗಳನ್ನು ಸಾಲಾಗಿ ಹಚ್ಚಲು ಪ್ಯಾಟರ್ನ್ ಅಲಾಂಗ್ ಪಾತ್ ಬಳಸುತ್ತಾರೆ. ಅದು ಪ್ರತಿ ಕಾಯಿಯನ್ನೂ ಕಮಾನಿನ ಜತೆ ತಿರುಗಿಸಿ ಬಾಗಿಸುತ್ತದೆ. ತೂಗುವ ವಸ್ತು ಓರೆಯಾದರೆ ಅದು ಫಲಾವಳಿಯಲ್ಲ, ಅಂಟಿಸಿದ ಸ್ಟಿಕ್ಕರ್. ಎಲೆಗಳಿಗೆ ಆ ಉಪಾಯ ಸರಿ, ಕಾಯಿಗಳನ್ನು ಒಂದೊಂದಾಗಿ ಕೈಯಿಂದಲೇ ಇಟ್ಟು ನೆಟ್ಟಗೆ ಬಿಡಬೇಕು.

ಬಣ್ಣದಲ್ಲಿ ಫಲಾವಳಿ ಮೋಸ ಮಾಡುತ್ತದೆ, ಮುಕ್ಕಾಲು ಪಾಲು ಹಸಿರೇ. ಬಣ್ಣ ಬೇರೆ ಮಾಡುವುದಕ್ಕಿಂತ ತಿಳಿ-ಗಾಢ ಬೇರೆ ಮಾಡಬೇಕು: ಎಲೆ ಗಾಢ (ಕೆಂಪು 40, ಹಸಿರು 95, ನೀಲಿ 50), ಚಕ್ಕೋತ ತಿಳಿ (215, 220, 110), ತೆಂಗಿನಕಾಯಿ ಕಂದು (130, 85, 50). ಚಿತ್ರವನ್ನು ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಿದಾಗಲೂ ಐದೂ ಬಿಡಿಬಿಡಿಯಾಗಿ ಕಂಡರೆ ಕೆಂಪು-ಹಸಿರು ಭೇದ ಕಾಣದವರಿಗೂ ಕಂಡಂತೆ. ಸಿಂಗಾರದ ಕೆನೆಬಣ್ಣ ಬಿಳಿ ಹಿನ್ನೆಲೆಯಲ್ಲಿ ಕರಗುತ್ತದೆ, ಗಾಢ ಎಲೆ ಡಾರ್ಕ್ ಮೋಡಿನಲ್ಲಿ ಕರಗುತ್ತದೆ. ಸಿಂಗಾರಕ್ಕೆ ಹಸಿರು ಅಂಚು, ಎಲೆಗೆ ತಿಳಿಹಸಿರು ಅಂಚು, ಎರಡೂ 6 ಪಿಕ್ಸೆಲ್. ಗೌರಿ ಹೂವಿಗೆ ಏನೂ ಬೇಡ. ಹಳದಿ ಬುಡ, ಕೆಂಪು ತುದಿ, ಎರಡೂ ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ. ಚಿಕ್ಕ ಅಳತೆಗೆಂದೇ ಹುಟ್ಟಿದ ಹೂ ಅದು.

ಗಣಪತಿಯ ಚಿತ್ರವನ್ನೇ ಇಡಿ ಎಂಬ ಬೇಡಿಕೆ ಪ್ರತಿ ಸಲ ಬರುತ್ತದೆ. 24 ಪಿಕ್ಸೆಲ್ ಅಂಚಿನಲ್ಲಿ ದೇವರು ಗುರುತು ಸಿಗದ ಕೇಸರಿ ಮುದ್ದೆಯಾಗುತ್ತಾನೆ. ಬೇಡ.

ಫೋಟೋದಿಂದ ಕತ್ತರಿಸಿ ತೆಗೆದ ಹೂ-ಕಾಯಿ ಬಳಸುವುದಾದರೆ ಬಿಳಿ ಅಂಚಿನ ಕಾಟ ತಪ್ಪಿದ್ದಲ್ಲ. ಬಿಳಿ ಹಿನ್ನೆಲೆಯ ಫೋಟೋದಲ್ಲಿ ಅಂಚಿನ ಪಿಕ್ಸೆಲ್‌ಗಳಿಗೆ ಆ ಬಿಳಿ ಮೊದಲೇ ಬೆರೆತಿರುತ್ತದೆ. ಬಿಳಿ ಪರದೆಯಲ್ಲಿ ಗೊತ್ತಾಗದು, ಡಾರ್ಕ್ ಮೋಡಿನಲ್ಲಿ ಸುಣ್ಣ ಬಳಿದಂತೆ ಹೊಳೆಯುತ್ತದೆ. ಫೋಟೋ ತಿದ್ದುವ ಗಿಂಪ್‌ನಲ್ಲಿ ಆಯ್ಕೆಯನ್ನು 2 ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ ಆಮೇಲೆ ಕತ್ತರಿಸಬೇಕು.

ಕಡತ ಪಿಎನ್‌ಜಿ ಆಗಿರಲಿ. ಜಿಫ್‌ನಲ್ಲಿ ಒಂದು ಪಿಕ್ಸೆಲ್ ಪೂರ್ತಿ ಪಾರದರ್ಶಕ, ಇಲ್ಲವೇ ಪೂರ್ತಿ ಬಣ್ಣ; ನಡುವಿನದ್ದು ಇಲ್ಲ, ಅಂಚು ಗರಗಸದ ಹಲ್ಲಾಗುತ್ತದೆ. ಗುಣಮಟ್ಟ ತಗ್ಗಿಸಿ ಒತ್ತುವ ವೆಬ್‌ಪಿ ಬಣ್ಣದ ಮಾಹಿತಿಯನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸಿ ಇಡುತ್ತದೆ, ಗೌರಿ ಹೂವಿನ ಕೆಂಪು ಪಕ್ಕದ ಎಲೆಗೆ ಸೋರುತ್ತದೆ. ವೆಬ್‌ಪಿಯೇ ಬೇಕೆಂದರೆ ನಷ್ಟವಿಲ್ಲದ ಬಗೆ ಆರಿಸಿ. ಇಂಥ ಚಪ್ಪಟೆ ಚಿತ್ರಕ್ಕೆ, ಬಣ್ಣ ಕಡಿಮೆ ಮಾಡಿ ಕಡತ ಕುಗ್ಗಿಸುವ ಪಿಎನ್‌ಜಿಕ್ವಾಂಟ್‌ನಲ್ಲಿ 64 ಬಣ್ಣ ಸಾಕು. 30 ಕೆಬಿ ಮೀರಿತೆಂದರೆ ಬೇಡದ ವಿವರ ತುಂಬಿದೆ ಎಂದೇ ಲೆಕ್ಕ. ಸಿದ್ದಾಪುರ, ಜೋಯಿಡಾದ ಒಳಹಳ್ಳಿಗಳಲ್ಲಿ ಮಳೆಗಾಲದ ನೆಟ್‌ವರ್ಕ್ ನೆನಪಿರಲಿ.

ತಾಣಕ್ಕೆ ಹಚ್ಚುವಾಗ ಆಗುವ ಎಡವಟ್ಟುಗಳು ನಾಲ್ಕಾರು. ಅಲಂಕಾರದ ಅಂಚೇ ಕಾಣದೆ ಒಳಗಿನದಷ್ಟೇ ಕಂಡರೆ, ಡಿಪಿಯನ್ನು ದುಂಡಗೆ ಮಾಡುವ ಓವರ್‌ಫ್ಲೋ ಹಿಡನ್ (ಡಬ್ಬಿ ಮೀರಿದ್ದನ್ನು ಮರೆಮಾಡುವ ಸಿಎಸ್‌ಎಸ್ ಸೂಚನೆ) ಹೊರಗಿನ ಡಬ್ಬಿಯ ಮೇಲಿದೆ ಎಂದರ್ಥ. ಅಲ್ಲಿಂದ ತೆಗೆದು ದುಂಡುತನವನ್ನು ಚಿತ್ರಕ್ಕೇ ಕೊಡಬೇಕು, ಅಲಂಕಾರದ ಪೊಸಿಷನ್ ಆಬ್ಸಲ್ಯೂಟ್ ಮಾಡಿ ನಾಲ್ಕೂ ಬದಿಗೆ ಮೈನಸ್ 10 ಶೇಕಡಾ ಹೊರಕ್ಕೆ ಎಳೆಯಬೇಕು. ಡಿಪಿ ಒತ್ತಿದರೆ ಪ್ರೊಫೈಲ್ ತೆರೆಯುತ್ತಿಲ್ಲವೆಂದರೆ ಮೇಲಿನ ಚಿತ್ರ ಒತ್ತನ್ನು ನುಂಗುತ್ತಿದೆ. ಅದರ ಪಾಯಿಂಟರ್ ಇವೆಂಟ್ಸ್ ಅನ್ನು ‘ನನ್’ (none) ಮಾಡಿದರೆ ಸರಿಹೋಗುತ್ತದೆ. ಆಲ್ಟ್ ಪಠ್ಯ (ಚಿತ್ರದ ಬದಲು ಓದಿ ಹೇಳುವ ವಿವರಣೆ) ಖಾಲಿ ಬಿಡಬೇಕು, ಇಲ್ಲವಾದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಪ್ರತಿ ಹೆಸರಿನ ಮುಂದೆಯೂ ಫಲಾವಳಿ, ಫಲಾವಳಿ ಎಂದು ಕೇಳಿಸುತ್ತಲೇ ಇರುತ್ತದೆ. ಸಾಲುಗಳ ನಡುವೆ 8 ಪಿಕ್ಸೆಲ್ ಅಂತರ ಬೇಕು. 40ರ ಡಿಪಿಯಲ್ಲಿ ಮೇಲಿನದ್ದು 4, ಕೆಳಗಿನದ್ದು 4 ಹೊರಚಾಚಿರುತ್ತದೆ. ಚಿತ್ರ ತಿದ್ದಿ ಅದೇ ಹೆಸರಿನಲ್ಲಿ ಏರಿಸಿದರೆ ಎಷ್ಟೋ ಜನರಿಗೆ ಹಳೆಯದೇ ಕಾಣುತ್ತಿರುತ್ತದೆ, ಹೆಸರಿನ ಕೊನೆಗೆ ವರ್ಷ ಮತ್ತು ಆವೃತ್ತಿ ಸಂಖ್ಯೆ ಸೇರಿಸಿ.

ಪರೀಕ್ಷೆಗೆ ನಾಲ್ಕು ಡಿಪಿ ಬೇಕು: ಕತ್ತಲೆಯ ಫೋಟೋ, ಬಿಳಿ ಲಾಂಛನ, ಕೂದಲು ಮೇಲಂಚಿಗೆ ತಾಗುವ ಹತ್ತಿರದ ಮುಖ, ಫೋಟೋ ಹಾಕದವರ ಒಂಟಿ ಅಕ್ಷರ. ಮೂರನೆಯದರಲ್ಲಿ ತೆಂಗಿನಕಾಯಿ ಜುಟ್ಟಿನಂತೆ ಕಂಡರೆ ನಗುವವರು ನಗಲಿ, ತಪ್ಪೇನಿಲ್ಲ.

ಸಮಯದ ವಿಷಯ. ಸರ್ವರ್ ಗಡಿಯಾರ ಯುಟಿಸಿಯಲ್ಲಿ (ಜಾಗತಿಕ ಸಮಯ) ಇರುತ್ತದೆ, ನಮ್ಮದು ಐದೂವರೆ ತಾಸು ಮುಂದೆ. 27ರ 00:00 ಎಂದು ಕೊಟ್ಟರೆ ಚೌಕಟ್ಟು ಬೆಳಗ್ಗೆ 5:30ಕ್ಕೆ ಏರುತ್ತದೆ. ನಡುರಾತ್ರಿಗೇ ಬೇಕೆಂದರೆ 26ರ 18:30. ಇಳಿಸುವುದು ಅನಂತ ಚತುರ್ದಶಿ, ಸೆಪ್ಟೆಂಬರ್ 6ರ 18:30ಕ್ಕೆ. ಒಂದೂವರೆ ದಿನಕ್ಕೇ ವಿಸರ್ಜಿಸುವ ಮನೆಗಳೂ ಇವೆ, ಅವರಿಗೆ ಬೇಗ ತೆಗೆಯುವ ಗುಂಡಿ ಇರಲಿ. ಹಬ್ಬದ ಅಲಂಕಾರವನ್ನು ಸದಸ್ಯರ ಮಾಮೂಲು ಅಲಂಕಾರದ ಜಾಗದಲ್ಲಿ ಬರೆಯಬಾರದು, ಬೇರೆಯೇ ಕಾಲಂ ಇಟ್ಟು ಅವಧಿ ಮುಗಿದಾಗ ಅದನ್ನಷ್ಟೇ ಖಾಲಿ ಮಾಡಬೇಕು. ಇಲ್ಲದಿದ್ದರೆ 7ರ ಬೆಳಗ್ಗೆ ಎಲ್ಲರ ಡಿಪಿ ಬೋಳು.

ಎಲ್ಲರಿಗೂ ತಾನಾಗಿ ಏರಿಸುವ ವ್ಯವಸ್ಥೆ ಬೇಡವೇ ಬೇಡ. ಸೂತಕದ ಮನೆಗಳಿರುತ್ತವೆ, ಆ ವರ್ಷ ಹಬ್ಬ ಇಲ್ಲದವರಿರುತ್ತಾರೆ, ಬೇರೆ ನಂಬಿಕೆಯವರಿರುತ್ತಾರೆ. ಬೇಕಾದವರು ಆರಿಸಿಕೊಳ್ಳಲಿ, ಪಕ್ಕದಲ್ಲೇ ಹಬ್ಬದ್ದಲ್ಲದ ಮಳೆಗಾಲದ ಚೌಕಟ್ಟೂ ಇರಲಿ. ಅದಕ್ಕೆ ಮಳೆಯ ಗೆರೆ ಎಳೆದರೆ 48ರಲ್ಲಿ ಮಾಯ. ಕಂಬಳಿ ಕೊಪ್ಪೆ ಬಿಡಿಸಿ. ತಲೆಯ ಮೇಲಿಂದ ಭುಜದವರೆಗೆ ಇಳಿಯುವ ಅದರ ಆಕಾರ ಡಿಪಿಗೆಂದೇ ಹೊಲಿದ ಹಾಗಿದೆ.

ಮುಂದಿನ ಹಬ್ಬಗಳ ಚೌಕಟ್ಟುಗಳು ಚುಟುಕಾಗಿ. ಹೋಳಿ ಹಬ್ಬಕ್ಕೆ ಶಿರಸಿಯ ಬೇಡರ ವೇಷದ ನವಿಲುಗರಿ ಸೊಗಸು, ಆದರೆ ಗರಿ ಮುಖದ ಹಿಂದೆ ಇರಬೇಕಾದ್ದು, ಅಲಂಕಾರ ಡಿಪಿಯ ಮುಂದೆ ಕೂರುತ್ತದೆ. 120ರ ಗೆರೆಯೊಳಗೆ ಒಂದು ಎಳೆಯೂ ಬಾರದಂತೆ ಕತ್ತರಿಸಿದರೆ ಹಿಂದೆ ಇದ್ದಂತೆಯೇ ಕಾಣುತ್ತದೆ. ಅಂಕೋಲಾ ಕಡೆಯ ಸುಗ್ಗಿ ಕುಣಿತದ ತುರಾಯಿಗೆ 24 ಪಿಕ್ಸೆಲ್ ಎತ್ತರ ಸಾಲದು, ಕೈಬಿಟ್ಟದ್ದೇ ಒಳ್ಳೆಯದು.

ದೀಪಾವಳಿಯ ಗೂಡುದೀಪಕ್ಕೆ ಮಾತ್ರ ಚಲನೆ ಬೇಕೆನಿಸುತ್ತದೆ. ಚಲಿಸುವ ಪಿಎನ್‌ಜಿಯಾದ ಎಪಿಎನ್‌ಜಿ 2025ರ ಜೂನ್‌ನಲ್ಲಿ ಪಿಎನ್‌ಜಿಯ ಮೂರನೇ ಆವೃತ್ತಿಯೊಳಗೇ ಅಧಿಕೃತವಾಗಿ ಸೇರಿದೆ, ಬ್ರೌಸರ್‌ಗಳಂತೂ ಮೊದಲೇ ಒಪ್ಪಿದ್ದವು. 12 ಫ್ರೇಮ್, ತಲಾ 100 ಮಿಲಿಸೆಕೆಂಡ್, ಎಡ-ಬಲಕ್ಕೆ 3 ಡಿಗ್ರಿ ತೂಗು. ಕೊನೆಯ ಫ್ರೇಮ್ ಮೊದಲನೆಯದರ ನಕಲಾದರೆ ಪ್ರತಿ ಸುತ್ತಿಗೂ ದೀಪ ಒಂದು ಕ್ಷಣ ತಡವರಿಸುತ್ತದೆ. ಮೊದಲ ಫ್ರೇಮ್ ನಿಂತ ಚಿತ್ರವಾಗಿಯೂ ಚೆನ್ನಾಗಿರಬೇಕು, ಎಪಿಎನ್‌ಜಿ ತಿಳಿಯದ ಕಡೆ ಅದೊಂದೇ ಕಾಣುವುದು. ಕಡತ ಕುಗ್ಗಿಸುವ ಎಷ್ಟೋ ಸಾಧನಗಳು ಉಳಿದ ಫ್ರೇಮ್‌ಗಳನ್ನು ಬೇಡದ ವಸ್ತುವೆಂದು ಎಸೆದುಬಿಡುತ್ತವೆ, ಒಂದೊಂದು ಫ್ರೇಮನ್ನೂ ಮೊದಲೇ ಕುಗ್ಗಿಸಿ ಆಮೇಲೆ ಎಪಿಎನ್‌ಜಿಯಾಗಿ ಜೋಡಿಸಬೇಕು. ದೀಪ ಮಿನುಗಿಸುವ ಆಸೆ ಇದ್ದರೆ ಸೆಕೆಂಡಿಗೆ ಮೂರು ಮಿನುಗು ಮೀರಬಾರದು, ಅಪಸ್ಮಾರ ಇರುವವರಿಗೆ ಅಪಾಯ. ಪಟ್ಟಿಯಲ್ಲಿ ಎಲ್ಲವೂ ನಿಂತೇ ಇರಲಿ. ಪ್ರೊಫೈಲ್ ತೆರೆದಾಗ ಮಾತ್ರ ತೂಗಲಿ, ಅಲ್ಲೂ ಫೋನಿನ ಸೆಟ್ಟಿಂಗ್‌ನಲ್ಲಿ ಚಲನೆ ಕಡಿಮೆ ಮಾಡಿಕೊಂಡವರಿಗೆ ನಿಂತ ಚಿತ್ರವೇ ಹೋಗಲಿ. ಅಕ್ಟೋಬರ್ 22 ಬಲಿಪಾಡ್ಯಮಿ, ಚಿತ್ರ ಸೆಪ್ಟೆಂಬರ್ ಕೊನೆಗೆ ಮುಗಿಯಬೇಕು.