ಕೈ ತೊಳೆಯುವಷ್ಟು ಹೊತ್ತು

ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿ ನನಗಿದು 11ನೇ ವರ್ಷ. ನಮ್ಮಮ್ಮ ಬೆಳಿಗ್ಗೆ ಐದಕ್ಕೆ ಎದ್ದು, ಒಲೆ ಹಚ್ಚುವ ಮೊದಲೇ ಬೈಬಲ್ ಓದಿ ಮೊಣಕಾಲೂರುತ್ತಿದ್ದರು. ನನಗೂ ಹಾಗೇ ಆಸೆ. ಆದರೆ ನೈಟ್ ಡ್ಯೂಟಿಯಲ್ಲಿ ಐದು ಗಂಟೆ ಅಂದರೆ ಬ್ಲಡ್ ಸ್ಯಾಂಪಲ್ ತೆಗೆಯುವ ಹೊತ್ತು. ಮನೆಗೆ ಬಂದು ಕೂತರೆ ಆಮೆನ್ ಹೇಳುವ ಮೊದಲೇ ನಿದ್ದೆ. ತಿಂಗಳುಗಟ್ಟಲೆ ಭಾನುವಾರದ ಆರಾಧನೆ ಬಿಟ್ಟರೆ ಪ್ರಾರ್ಥನೆಯೇ ಇರಲಿಲ್ಲ.

ಒಂದು ರಾತ್ರಿ, ವೆಂಟಿಲೇಟರ್‌ನಲ್ಲಿದ್ದ ಅಜ್ಜಿಯೊಬ್ಬರ ಮಗ ಮೂರನೇ ಸಲ ಬಾಗಿಲಿಗೆ ಬಂದು, "ಸಿಸ್ಟರ್, ಅಮ್ಮ ಕಣ್ಣು ಬಿಟ್ಟರಾ?" ಅಂದರು. "ಬಿಟ್ಟರೆ ಕರೀತೀವಿ, ಹೊರಗೆ ಕೂತ್ಕೊಳ್ಳಿ" ಅಂದೆ, ಮುಖ ಕೂಡ ನೋಡದೆ. ಕಂಡದ್ದು ಅವರು ಬಿಚ್ಚಿ ಕೈಯಲ್ಲಿ ಹಿಡಿದಿದ್ದ ಚಪ್ಪಲಿ ಮಾತ್ರ. ಮನೆ ಸೇರಿದರೂ ಅದೇ ಕಣ್ಣಿಗೆ ಕಟ್ಟಿತ್ತು. ಮರುದಿನ ಹೋಗಿ ಕ್ಷಮೆ ಕೇಳಿದೆ.

ಆ ವಾರ ಬೈಬಲ್‌ನಲ್ಲಿ ಮಾರ್ಕನ ಸುವಾರ್ತೆ ತೆರೆದೆ. ಯೇಸುಸ್ವಾಮಿ ಇನ್ನೂ ಕತ್ತಲಿರುವಾಗಲೇ ಎದ್ದು, ಜನರಿಲ್ಲದ ಕಡೆಗೆ ಹೋಗಿ ಪ್ರಾರ್ಥಿಸಿದ್ದು ಮೊದಲ ಅಧ್ಯಾಯದ 35ನೇ ವಚನ. ಚಿಕ್ಕಂದಿನಿಂದ ಬಾಯಿಪಾಠ. ಅದರ ಹಿಂದು ಮುಂದನ್ನು ನರ್ಸ್ ಕಣ್ಣಿಂದ ಓದಿರಲಿಲ್ಲ, ಅಷ್ಟೆ. ಹಿಂದಿನ ಸಂಜೆ ಊರಿಗೆ ಊರೇ ರೋಗಿಗಳನ್ನು ಕರೆದುಕೊಂಡು ಬಾಗಿಲಲ್ಲಿ ಸೇರಿತ್ತು. ಬೆಳಿಗ್ಗೆ ಶಿಷ್ಯ ಸೀಮೋನ ಬಂದು, ಎಲ್ಲರೂ ನಿನ್ನನ್ನೇ ಹುಡುಕ್ತಿದ್ದಾರೆ ಅಂತಾನೆ. ಕೆಲಸವೆಲ್ಲ ಮುಗಿಯಲಿ ಅಂತ ಆತನು ಕಾಯಲೇ ಇಲ್ಲ!

ನಾನೂ ಕಾಯುವುದು ಬಿಟ್ಟೆ. ಸೋಪು ಹಚ್ಚಿ ಸರಿಯಾಗಿ ಕೈ ತೊಳೆಯಲು 40ರಿಂದ 60 ಸೆಕೆಂಡ್ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ನಿಧಾನವಾಗಿ ಪ್ರಾರ್ಥನೆ ಶುರು ಮಾಡಿದರೆ, ಬೆರಳ ಸಂದಿ, ಹೆಬ್ಬೆರಳು, ಉಗುರು ಮುಗಿಯುವಾಗ ಆಮೆನ್‌ಗೆ ಬಂದಿರುತ್ತೇನೆ. ಆಮೇಲೆ ಮುಂದಿನ ಬೆಡ್‌ನವರ ಹೆಸರು. ಅವರು ಯಾವ ಧರ್ಮದವರೇ ಇರಲಿ, ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಮನಸ್ಸಲ್ಲೇ ದೇವರ ಮುಂದೆ ಆ ಹೆಸರು ಇಡುತ್ತೇನೆ. ಮಾನಿಟರ್ ಅಲಾರಂ ಹೊಡೆದರೆ ಅರ್ಧಕ್ಕೇ ಬಿಟ್ಟು ಓಡುತ್ತೇನೆ. ಅದರಲ್ಲಿ ತಪ್ಪೇನೂ ಕಾಣಲ್ಲ.

ಆದರೆ ಇಷ್ಟೇ ಸಾಕಾಗಲ್ಲ. ಏನೂ ಕೇಳದೆ ಸುಮ್ನೆ ಕೂರುವುದೂ ಬೇಕು, ಅಲ್ವಾ? ಅದಕ್ಕೆ ಡ್ಯೂಟಿಗೆ ಕಾಲು ಗಂಟೆ ಮುಂಚೆ ಬಂದು, ಫೋನ್ ಲಾಕರ್‌ನಲ್ಲಿಟ್ಟು, ಹಿಂದಿನ ಮೆಟ್ಟಿಲ ಮೇಲೆ ಕೂರುತ್ತೇನೆ. ಮೊದಮೊದಲು ಐದು ನಿಮಿಷಕ್ಕೇ ಚಡಪಡಿಕೆ ಶುರುವಾಗುತ್ತಿತ್ತು. ಈಗ ಜನರೇಟರ್ ಸದ್ದೂ ಅಡ್ಡ ಬರುವುದಿಲ್ಲ.

ಈ ವಾರ ಮತ್ತೆ ನೈಟ್. ಏಳೂವರೆ ಬಸ್ ಬಿಟ್ಟು ಏಳು ಕಾಲರದ್ದೇ ಹಿಡಿಯಬೇಕು.