ಆರು ನಿಮಿಷ ನಲವತ್ತು ಸೆಕೆಂಡಿನ ಮಂಡಕ್ಕಿ

ನಾನು ಫ್ಲೆಕ್ಸ್ ವಿನ್ಯಾಸ ಮಾಡುವವನು. ಮದುವೆ, ಗೃಹಪ್ರವೇಶ, ನಾಯಕರ ಹುಟ್ಟುಹಬ್ಬ, ಭಾವಪೂರ್ಣ ಶ್ರದ್ಧಾಂಜಲಿ. ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಒಂದು ಅಂಗಡಿಯಲ್ಲಿ ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ. ಜಾತ್ರೆ, ಸಮ್ಮೇಳನಗಳಿಗೆ ‘ಸ್ವಯಂಸೇವಕ’ ಎಂಬ ಬ್ಯಾಡ್ಜುಗಳನ್ನು ಸಾವಿರಗಟ್ಟಲೆ ಮುದ್ರಿಸಿ ಕೊಟ್ಟಿದ್ದೇನೆ. ಆ ಪದದೊಳಗೆ ಏನೇನು ಅಡಗಿದೆ ಎಂಬುದು ಗೊತ್ತಾದದ್ದು ಮಾತ್ರ ಈಚೆಗೆ, ಮಂಡಕ್ಕಿ ಭಟ್ಟಿಯ ಮೇಲೆ ಒಂದು ಅನಿಮೇಷನ್ ಚಿತ್ರ ಮಾಡಲು ಹೊರಟ ಮೇಲೆ.

ಕಥೆ ದೊಡ್ಡದೇನಲ್ಲ. ಭಟ್ಟಿಯಲ್ಲಿ ರಾತ್ರಿಪಾಳಿ ಮಾಡುವ ತಾತನಿಗೆ ಬುತ್ತಿ ತಂದ ಮೊಮ್ಮಗ ಮಂಡಕ್ಕಿ ಚೀಲಗಳ ಮೇಲೆ ಮಲಗಿ ನಿದ್ದೆ ಹೋಗುತ್ತಾನೆ. ಚೀಲ ಹಗುರಾಗಿ ಗಾಳಿಪಟದಂತೆ ಮೇಲೇಳುತ್ತದೆ. ಗಾಜಿನ ಮನೆಯ ಮೇಲೆ, ಕುಂದುವಾಡ ಕೆರೆಯ ಮೇಲೆ ಹಾರಿ, ಬೆಳಗಾಗುವುದರೊಳಗೆ ಭಟ್ಟಿಗೇ ಬಂದು ಇಳಿಯುತ್ತದೆ. ಅಷ್ಟೇ. ಆರು ನಿಮಿಷ ನಲವತ್ತು ಸೆಕೆಂಡು. ಸೆಕೆಂಡಿಗೆ 24 ಚೌಕಟ್ಟುಗಳಂತೆ 9,600 ಚಿತ್ರಗಳು. ಈ ಗುಣಾಕಾರವನ್ನು ನಾನು ಮೊದಲೇ ಮಾಡಿದ್ದರೆ ಈ ಬರಹ ಇರುತ್ತಿರಲಿಲ್ಲ.

ಕೆಲಸಕ್ಕೆ ಆರಿಸಿಕೊಂಡದ್ದು ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ ಎಂಬುದೇ ಮೊದಲ ಕಾರಣ. ಆದರೆ ಜನರೆದುರು ಅದನ್ನು ಹಾಗೆ ಹೇಳಲಾಗುತ್ತದೆಯೇ? ಮೊದಲ ಭಾನುವಾರ ಅಂಗಡಿಯಲ್ಲಿ ಸೇರಿದ್ದ ಹನ್ನೊಂದು ಜನಕ್ಕೆ ನಾನು ಅದರ ಚರಿತ್ರೆ ಹೇಳಿದೆ. ಈ ತಂತ್ರಾಂಶವನ್ನು ನಡೆಸುತ್ತಿದ್ದ ಡಚ್ ಕಂಪನಿ ಬಾಗಿಲು ಹಾಕಿದಾಗ, ಅದನ್ನು ಕಟ್ಟಿದ ಟಾನ್ ರೋಸೆಂಡಾಲ್ ಜನರ ಮುಂದೆ ಕೈಯೊಡ್ಡಿದರು. 2002ರಲ್ಲಿ ಏಳೇ ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿತು. ಹೂಡಿಕೆದಾರರಿಗೆ ಅದನ್ನು ಕೊಟ್ಟು, ತಂತ್ರಾಂಶವನ್ನು ಬಿಡಿಸಿಕೊಂಡು ಎಲ್ಲರದ್ದನ್ನಾಗಿ ಮಾಡಿದರು. ನನ್ನ ಕಂಠ ಸ್ವಲ್ಪ ಗದ್ಗದವೂ ಆಯಿತು. ಹಿಂದೆ ನಿಂತಿದ್ದ ಎಂಜಿನಿಯರಿಂಗ್ ಹುಡುಗನೊಬ್ಬ ಕೇಳಿದ: “ಅವರು ಲಕ್ಷ ಯೂರೋ ಕೂಡಿಸಿದರು ಸರ್. ನೀವು ಏನು ಕೊಡುತ್ತೀರಿ?”

“ಬೆಣ್ಣೆ ದೋಸೆ” ಎಂದೆ. ಆ ಸಾಲ ಇನ್ನೂ ಪೂರ್ತಿ ತೀರಿಲ್ಲ.

ಹೆಸರು ಕೊಟ್ಟವರು ಒಟ್ಟು ಇಪ್ಪತ್ತಮೂರು ಜನ. ಹರಿಹರದ ಚಿತ್ರಕಲಾ ಮೇಷ್ಟ್ರು, ರಾಣೆಬೆನ್ನೂರಿನ ಒಬ್ಬ ಹುಡುಗಿ, ಮೂವರು ಕಾಲೇಜು ಹುಡುಗರು, ಮದುವೆ ವಿಡಿಯೊ ತೆಗೆಯುವವರಿಬ್ಬರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮೂರ ಹುಡುಗರು ಕೆಲವರು. ನಾನು ಅವರಿಗೆ ಕೆಲಸ ಹಂಚಿದ ರೀತಿ ನೆನೆದರೆ ಈಗ ನಾಚಿಕೆಯಾಗುತ್ತದೆ. “ನೀವು ಕೆರೆಯ ದೃಶ್ಯ ಪೂರ್ತಿ ನೋಡಿಕೊಳ್ಳಿ”, “ನೀನು ತಾತನನ್ನು ನೋಡಿಕೋ”. ಮದುವೆ ಮನೆಯಲ್ಲಿ ‘ನೀನು ಊಟ ನೋಡಿಕೋ’ ಎಂದ ಹಾಗೆ. ಊಟ ನೋಡಿಕೊಳ್ಳುವವನಿಗೆ ಅದು ಯಾವಾಗ ಮುಗಿಯುತ್ತದೆ ಎಂಬುದು ಗೊತ್ತು, ಕೊನೆಯ ಪಂಕ್ತಿ ಎದ್ದಾಗ. ಕೆರೆಯ ದೃಶ್ಯ ಯಾವಾಗ ಮುಗಿಯುತ್ತದೆ?

ಮೂರು ತಿಂಗಳಲ್ಲಿ ಹದಿನಾಲ್ಕು ಜನ ಮಾತಿಲ್ಲದೆ ಕರಗಿಹೋದರು. ಜಗಳವಿಲ್ಲ, ರಾಜೀನಾಮೆಯಿಲ್ಲ. ಫೋನ್ ಎತ್ತುವುದಿಲ್ಲ, ಅಷ್ಟೇ. ಹಿನ್ನೆಲೆಯ ಚಿತ್ರಗಳನ್ನು ಬರೆಯುತ್ತಿದ್ದ ರಾಣೆಬೆನ್ನೂರಿನ ಹುಡುಗಿಗೆ ಆಗ ಬಿ.ಎಡ್. ಪರೀಕ್ಷೆ. ಅದು ತಿಳಿದಿದ್ದೂ ನಾನು ದಿನ ಬಿಟ್ಟು ದಿನ ‘ಎಲ್ಲಿಗೆ ಬಂತು?’ ಎಂದು ಸಂದೇಶ ಕಳಿಸುತ್ತಿದ್ದೆ. ಒಂದು ಸಂಜೆ ಆಕೆ ಅದುವರೆಗೆ ಮಾಡಿದ್ದ ಏಳು ಚಿತ್ರಗಳನ್ನು ಅಚ್ಚುಕಟ್ಟಾಗಿ ಕಳಿಸಿ, ‘ಕ್ಷಮಿಸಿ ಅಣ್ಣಾ, ಇಷ್ಟೇ ನನ್ನಿಂದ’ ಎಂದು ಬರೆದು ಗುಂಪಿನಿಂದ ಹೊರಗೆ ಹೋದರು. ಸಂಬಳ ಕೊಡುವ ನಮ್ಮ ಅಂಗಡಿಯ ಮಾಲೀಕರು ನನ್ನನ್ನು ಎಂದೂ ಹೀಗೆ ಕಾಡಿದವರಲ್ಲ. ಒಂದು ಪೈಸೆ ಕೊಡದ ನಾನು ಕಾಡಿದ್ದೆ.

ಆಮೇಲೆ ಇಡೀ ಚಿತ್ರವನ್ನು ತುಂಡು ತುಂಡು ಮಾಡಿದೆ. ಒಟ್ಟು 94 ಶಾಟ್‌ಗಳು. ಒಬ್ಬರಿಗೆ ಒಮ್ಮೆಗೆ ಒಂದೇ ಶಾಟ್: ಮೂರು ಸೆಕೆಂಡೋ, ಐದು ಸೆಕೆಂಡೋ. ಎರಡು ವಾರದ ಗಡುವು. ಆಗದಿದ್ದರೆ ‘ಆಗಲಿಲ್ಲ’ ಎಂಬ ಒಂದೇ ಪದ ಸಾಕು, ಕಾರಣ ಕೇಳುವುದಿಲ್ಲ. ಅಂಗಡಿಯ ಹಿಂದಿನ ಗೋಡೆಗೆ ಹಾಳಾದ ಫ್ಲೆಕ್ಸ್ ಒಂದನ್ನು ತಿರುಗಿಸಿ ಬಡಿದು, ಅದರ ಬಿಳಿ ಬೆನ್ನಿನ ಮೇಲೆ 94 ಮನೆಗಳನ್ನು ಗೀಚಿದೆ. ಮುಗಿದ ಮನೆಗೆ ಅರಿಶಿನ ಬಣ್ಣ. ಉಳಿದ ಒಂಬತ್ತು ಜನರಲ್ಲಿ ಆಮೇಲೆ ಬಿಟ್ಟುಹೋದವರು ಮೂವರೇ, ಅವರೂ ಹೇಳಿಯೇ ಹೋದರು.

ದೂರದಿಂದ ಕೂಡಿ ಮಾಡುವ ಕೆಲಸದ ಅಪಘಾತಗಳೇ ಬೇರೆ. ಮೊದಲ ಬಾರಿ ಎಲ್ಲರ ಕಡತಗಳನ್ನು ಒಂದೆಡೆ ತೆರೆದಾಗ ಭಟ್ಟಿಯ ಮಸಿ ಹಿಡಿದ ಗೋಡೆಗಳೆಲ್ಲ ಕಣ್ಣು ಕುಕ್ಕುವ ಗುಲಾಬಿ ಬಣ್ಣದಲ್ಲಿದ್ದವು. ಛತ್ರದ ಮಂಟಪದಂತೆ. ಬಣ್ಣದ ಚಿತ್ರ ಸಿಗದಿದ್ದರೆ ಬ್ಲೆಂಡರ್ ಆ ಗುಲಾಬಿ ಬಳಿಯುತ್ತದೆ. ಮೇಷ್ಟ್ರ ಕಂಪ್ಯೂಟರಿನ ‘ಡಿ’ ಡ್ರೈವಿನಲ್ಲಿದ್ದ ಗೋಡೆ ನನ್ನದರಲ್ಲಿ ಹೇಗೆ ಸಿಗಬೇಕು? ಎಲ್ಲರಿಗೂ ಒಂದೇ ರೀತಿಯ ಫೋಲ್ಡರು, ವಿಳಾಸವೆಲ್ಲ ಆ ಫೋಲ್ಡರಿನ ಒಳಗಿನಿಂದಲೇ ಎಂದು ನಿಯಮ ಮಾಡಿದ ಮೇಲೆ ಗೋಡೆಗಳಿಗೆ ಮಸಿ ಮರಳಿತು.

ಅದಕ್ಕಿಂತ ಕೆಟ್ಟದ್ದು ಮೂಳೆಗಳ ಪ್ರಕರಣ. ತಾತನ ಗೊಂಬೆಗೆ ಒಳಗೆ ಮೂಳೆಗಳನ್ನು ಜೋಡಿಸಿ ಕುಣಿಸಲು ಅಣಿಮಾಡುವುದನ್ನು ರಿಗ್ಗಿಂಗ್ ಎನ್ನುತ್ತಾರೆ. ಆ ಮೂಳೆಗಳಿಗೆ ನಾನು ಮನಸ್ಸಿಗೆ ಬಂದ ಹೆಸರಿಟ್ಟಿದ್ದೆ: ‘ಎಡತೋಳು’, ‘ಬಲಮೊಣಕೈ’, ಒಂದಕ್ಕಂತೂ ‘ಇದನ್ನು ಮುಟ್ಟಬೇಡಿ’ ಎಂದೇ ಹೆಸರು. ಬೆಣ್ಣೆ ದೋಸೆಯ ಹುಡುಗ, ಹೌದು, ಅವನೇ, ಒಂದು ರಾತ್ರಿ ಕುಳಿತು ಎಲ್ಲವನ್ನೂ ಬದಲಿಸಿ, ಪ್ರತಿ ಹೆಸರಿನ ಕೊನೆಗೆ ಎಡಕ್ಕೆ ಚುಕ್ಕಿ ಎಲ್, ಬಲಕ್ಕೆ ಚುಕ್ಕಿ ಆರ್ ಎಂದು ಕ್ರಮವಾಗಿ ಹೆಸರಿಟ್ಟ. ಬೆಳಿಗ್ಗೆ ನೋಡಿದರೆ ಮುಗಿದಿದ್ದ ಹನ್ನೊಂದು ಶಾಟ್‌ಗಳಲ್ಲಿ ತಾತ ಶಿಲುಬೆಗೇರಿದವನಂತೆ ಎರಡೂ ಕೈ ಚಾಚಿ ನಿಂತಿದ್ದಾನೆ. ಚಲನೆಯೆಲ್ಲ ಮೂಳೆಯ ಹೆಸರಿಗೇ ಅಂಟಿರುತ್ತದೆ. ಗೊಂಬೆಯ ಕಡತದಲ್ಲಿ ಹೆಸರು ಬದಲಾದರೆ ಬೇರೆ ಕಡತಗಳಲ್ಲಿರುವ ಚಲನೆಗೆ ಆ ಮೂಳೆ ಗುರುತಾಗುವುದಿಲ್ಲ.

ನಾನು ಅವನಿಗೆ ಫೋನಿನಲ್ಲಿ ಏನೆಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲ ಕೇಳಿಸಿಕೊಂಡು ಅವನು ಹೇಳಿದ್ದು: “ಹೇಳದೆ ಮಾಡಿದ್ದು ನನ್ನ ತಪ್ಪು ಅಣ್ಣಾ. ಆದರೆ ಹೆಸರು ಹೀಗಿದ್ದರೆ ಎಡಗೈಯ ಭಂಗಿಯನ್ನು ಬಲಗೈಗೆ ಒಂದೇ ಗುಂಡಿಯಲ್ಲಿ ತಿರುಗಿಸಿ ಹಾಕಬಹುದು. ನೀವು ಎರಡೆರಡು ಸಲ ಮಾಡುತ್ತಿದ್ದೀರಿ.” ನಿಜವಾಗಿತ್ತು. ಎಂಟು ತಿಂಗಳಿಂದ ಎರಡೆರಡು ಸಲ ಮಾಡುತ್ತಿದ್ದೆ. ಮರುದಿನ ಅವನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಪ್ಪತ್ತು ಸಾಲು ಬರೆದು ತಂದು, ಹಳೆಯ ಚಲನೆಗಳಲ್ಲಿದ್ದ ಹೆಸರುಗಳನ್ನೆಲ್ಲ ಹೊಸದಕ್ಕೆ ತಿದ್ದಿಸಿದ. ತಾತ ಕೈ ಇಳಿಸಿದ. ಅಂದಿನಿಂದ ಆ ಹುಡುಗ ‘ಸರ್’ ಬಿಟ್ಟು ‘ಅಣ್ಣಾ’ ಎಂದೇ ಉಳಿದುಕೊಂಡ. ಇದ್ದುದರಲ್ಲಿ ಹೆಚ್ಚು ದೋಸೆ ತಿಂದವನೂ ಅವನೇ.

ಈಗ ಚಾಚಾ ವಿಷಯ. ಮಂಡಕ್ಕಿಗೆ ಅಕ್ಕಿ ಹುರಿಯುವ ಶಾಟ್ ನಮ್ಮ ಚಿತ್ರದ ಜೀವ. ಅದನ್ನು ಮೂವರು ಮೂರು ಸಲ ಮಾಡಿದ್ದೆವು, ಚೆನ್ನಾಗಿದೆ ಎಂದು ನಾವೇ ಬೆನ್ನು ತಟ್ಟಿಕೊಂಡಿದ್ದೆವು. ಯಾಕೋ ಒಂದು ಬೆಳಗಿನ ಜಾವ ಅದನ್ನು ಮೊಬೈಲಿನಲ್ಲಿ ಹಾಕಿಕೊಂಡು ಭಟ್ಟಿಗೆ ಹೋದೆ. ಬಾಣಲೆಯ ಮುಂದೆ ಮೂವತ್ತು ವರ್ಷ ನಿಂತ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ಲುಂಗಿಯ ಅಂಚಿನಿಂದ ಬೆರಳು ಒರೆಸಿಕೊಂಡು, ಮೊಬೈಲ್ ಹಿಡಿದು, ಎರಡು ಸಲ ನೋಡಿದರು.

“ತಮ್ಮಾ, ಇವನು ಪಾಯಸ ತಿರುವುತ್ತಿದ್ದಾನೆ.”

ಆಮೇಲೆ ಅರ್ಧ ಗಂಟೆ ಪಾಠ. ಬಾಣಲೆಯಲ್ಲಿ ಇರುವುದು ಕಾದ ಮರಳು. ಅದರ ಭಾರ ಮಣಿಕಟ್ಟಿಗೆ ಬಂದರೆ ಹತ್ತು ದಿನದಲ್ಲಿ ಕೈ ಹೋಗುತ್ತದೆ. ತಿರುವುವುದು ಸೊಂಟ, ಕೈ ಅದರ ಹಿಂದೆ ಬರುತ್ತದೆ. ಝಳ ಹೊಡೆಯುವುದರಿಂದ ಮುಖ ಯಾವಾಗಲೂ ಒಂದು ಕಡೆಗೆ ಓರೆ. ಬೆವರು ಒರೆಸಲು ಕೈ ಬಿಡುವಿರುವುದಿಲ್ಲ, ಭುಜಕ್ಕೇ ಕೆನ್ನೆ ಉಜ್ಜಬೇಕು. ಉಪ್ಪು ಹಾಕಿದ ಅಕ್ಕಿ ಮರಳಿಗೆ ಬಿದ್ದಾಗ ಎಲ್ಲವೂ ಒಟ್ಟಿಗೆ ಅರಳುವುದಿಲ್ಲ. ಮೊದಲು ಒಂದು, ಇನ್ನೊಂದು, ಒಂದು ಉಸಿರು ಬಿಡುವಷ್ಟು ಸುಮ್ಮನೆ, ಆಮೇಲೆ ಮಳೆ. ಕಾಳಿನೊಳಗಿನ ತೇವ ಒಮ್ಮೆಲೇ ಆವಿಯಾಗಿ ಅಕ್ಕಿಯನ್ನು ಉಬ್ಬಿಸುವುದು ಎಂದು ನಾನು ಎಲ್ಲೋ ಓದಿದ್ದನ್ನು ಹೇಳಿದೆ. “ಇರಬಹುದು. ಮಳೆ ಶುರುವಾದರೆ ಜರಡಿಗೆ ಎತ್ತಲು ತಡ ಮಾಡಬಾರದು, ಅದು ಮುಖ್ಯ” ಎಂದರು.

ನಾವು ಇಪ್ಪತ್ತು ಸಾವಿರ ಕಾಳುಗಳನ್ನು ಒಂದೇ ಕ್ಷಣಕ್ಕೆ ಸಿಡಿಸಿ, ಕಂಪ್ಯೂಟರ್ ಕಟ್ಟಿಹೋಗುವುದನ್ನು ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತಿದ್ದೆವು. ಚಾಚಾ ಮಾತಿನ ಪ್ರಕಾರ ಮುಂಭಾಗದಲ್ಲಿ ನಲವತ್ತೇ ಕಾಳು ಒಂದೊಂದಾಗಿ, ಮೂರು ಚೌಕಟ್ಟಿನೊಳಗೆ ಉಬ್ಬುವಂತೆ ಮಾಡಿದೆವು. ಹಿಂದಿನ ರಾಶಿಗೆ ಮೂರೇ ಆಕಾರದ ಮಂಡಕ್ಕಿಗಳನ್ನು ನಕಲು ಮಾಡಿ ಸುರಿದೆವು. ಕಂಪ್ಯೂಟರಿಗೂ ಸಮಾಧಾನ, ಕಣ್ಣಿಗೂ ನಿಜ. ತಾತನ ಸೊಂಟಕ್ಕೆ ಮೇಷ್ಟ್ರು ಹೊಸದಾಗಿ ಭಾರ ಕೊಟ್ಟರು. ಮುಂದಿನ ನಾಲ್ಕು ತಿಂಗಳು ತಾತ ಇರುವ ಪ್ರತಿಯೊಂದು ಶಾಟ್ ಚಾಚಾ ಕಣ್ಣಿಗೆ ಬೀಳದೆ ಅರಿಶಿನ ಬಣ್ಣ ಪಡೆಯಲಿಲ್ಲ. ಅವರು ಎಂದೂ ನಮ್ಮ ಅಂಗಡಿಗೆ ಬರಲಿಲ್ಲ, ಕಂಪ್ಯೂಟರ್ ಮುಟ್ಟಲಿಲ್ಲ. ನಾನೇ ಬೆಳಗಿನ ಜಾವ ಹೋಗುತ್ತಿದ್ದೆ, ಒಂದು ಮೂರು ಸೆಕೆಂಡಿನ ತುಣುಕು, ಒಂದು ಚಹಾ.

2025ರ ಮಾರ್ಚಿನಲ್ಲಿ ಬ್ಲೆಂಡರ್‌ನಲ್ಲೇ ಮಾಡಿದ ಲಾಟ್ವಿಯಾದ ಒಂದು ಚಿತ್ರಕ್ಕೆ ಆಸ್ಕರ್ ಬಂದಾಗ ನನ್ನ ಫೋನಿಗೆ ಬಿಡುವಿಲ್ಲ. ಕರಗಿಹೋದವರಲ್ಲಿ ಐವರು ಮತ್ತೆ ಘನವಾದರು. ಆ ಚಿತ್ರಕ್ಕೆ ಲಕ್ಷಾಂತರ ಯೂರೋ ಖರ್ಚಾಗಿದೆ, ದುಡಿದವರಿಗೆ ಸಂಬಳವಿತ್ತು ಎಂದು ಹೇಳಿ ನಾನು ಉತ್ಸಾಹಕ್ಕೆ ತಣ್ಣೀರೆರಚಿದೆ. ಆದರೂ ತಲಾ ಒಂದು ಶಾಟ್ ಕೊಟ್ಟೆ. ಇಬ್ಬರು ಮುಗಿಸಿದರು. ಲೆಕ್ಕದಲ್ಲಿ ಲಾಭವೇ.

ರೆಂಡರಿಂಗ್, ಅಂದರೆ ಕಂಪ್ಯೂಟರ್ ಪ್ರತಿ ಚೌಕಟ್ಟನ್ನೂ ಲೆಕ್ಕ ಹಾಕಿ ಅಂತಿಮ ಚಿತ್ರವಾಗಿಸುವುದರ ಬಗ್ಗೆ ಬೇಗ ಮುಗಿಸುತ್ತೇನೆ, ಅದು ಬರೀ ಕಾಯುವ ಕೆಲಸ. ಮೊದಲ ಪರೀಕ್ಷೆಯಲ್ಲಿ ಒಂದು ಚೌಕಟ್ಟಿಗೆ ಒಂಬತ್ತು ನಿಮಿಷ ಹಿಡಿಯಿತು. 9,600 ಚೌಕಟ್ಟಿಗೆ ಹಗಲು ರಾತ್ರಿ ಅರವತ್ತು ದಿನ. ಬೆಳಕಿನ ಲೆಕ್ಕವನ್ನು ಕಡಿಮೆ ಮಾಡಿ, ಉಳಿದ ಕಾಳು ಕಾಳಾದ ಮಚ್ಚೆಗಳನ್ನು ಆಮೇಲೆ ಒರೆಸುವ ಸೌಲಭ್ಯ ಬಳಸಿ ಮೂರು ನಿಮಿಷಕ್ಕೆ ಇಳಿಸಿದೆವು. ಅಂಗಡಿ ಮುಚ್ಚಿದ ಮೇಲೆ ಎರಡು ಯಂತ್ರಗಳು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಒಂಬತ್ತರವರೆಗೆ ಒಂದೇ ಫೋಲ್ಡರಿಗೆ ದುಡಿದವು. ಒಂದು ಹಿಡಿದ ಚೌಕಟ್ಟನ್ನು ಇನ್ನೊಂದು ಮುಟ್ಟದು. ಪ್ರತಿ ಚೌಕಟ್ಟೂ ಬೇರೆ ಬೇರೆ ಚಿತ್ರವಾಗಿ ಉಳಿಯುವುದರಿಂದ ಕರೆಂಟ್ ಹೋದರೂ ಹಾಳಾಗುವುದು ಒಂದೇ. ಮಾಲೀಕರು ವಿದ್ಯುತ್ ಬಿಲ್ಲು ನೋಡಿ ಏನೂ ಅನ್ನಲಿಲ್ಲ, ಚಿತ್ರದಲ್ಲಿ ತಮ್ಮ ಹೆಸರು ದೊಡ್ಡ ಅಕ್ಷರದಲ್ಲಿ ಬರುತ್ತದೆಯೇ ಎಂದು ಮಾತ್ರ ಕೇಳಿದರು. ‘ವಿದ್ಯುತ್’ ಎಂಬ ತಲೆಬರಹದ ಕೆಳಗೆ ಹಾಕಿದೆವು, ಎಲ್ಲರಷ್ಟೇ ಗಾತ್ರದಲ್ಲಿ.

ಹೆಸರುಗಳ ಬಗ್ಗೆ ಜಗಳವಾಗಿತ್ತು. ಮೂರು ಸೆಕೆಂಡು ಮಾಡಿದವನನ್ನೂ ಮೂವತ್ತು ಶಾಟ್ ಮಾಡಿದ ಮೇಷ್ಟ್ರನ್ನೂ ಹೇಗೆ ಸಾಲಿನಲ್ಲಿ ನಿಲ್ಲಿಸುವುದು? ಕೊನೆಗೆ ಅಕಾರಾದಿ ಕ್ರಮ. ಬಿಟ್ಟುಹೋದವರ ಹೆಸರೂ ಇದೆ. ರಾಣೆಬೆನ್ನೂರಿನ ಹುಡುಗಿಯ ಏಳು ಚಿತ್ರಗಳಲ್ಲಿ ಐದು ಹಾಗೆಯೇ ಉಳಿದಿವೆ. ಕುಂದುವಾಡ ಕೆರೆಯ ಮೇಲಿನ ಬೆಳಗು ಆಕೆಯದು. ಮೊದಲ ಪ್ರದರ್ಶನಕ್ಕೆ ಕರೆದಾಗ ಬಂದರು. ನಾನು ಕ್ಷಮೆ ಕೇಳಿದೆ. “ಪಾಸಾದೆ ಅಣ್ಣಾ” ಎಂದರು, ಅಷ್ಟೇ.

ಪ್ರದರ್ಶನ ನಡೆದದ್ದು ಭಟ್ಟಿಯ ಅಂಗಳದಲ್ಲಿ. ಹತ್ತಡಿ ಅಗಲದ ಒಂದು ಫ್ಲೆಕ್ಸನ್ನು ತಿರುಗಿಸಿ ಕಟ್ಟಿದ್ದೆವು. ಮುಂದೆ ಸಿನಿಮಾ, ಹಿಂದೆ ಯಾರದೋ ಐವತ್ತನೆಯ ಹುಟ್ಟುಹಬ್ಬದ ಶುಭಾಶಯ. ಮಿರ್ಚಿ, ಮಂಡಕ್ಕಿ ಭಟ್ಟಿಯವರ ಕಡೆಯಿಂದ. ಚಾಚಾ ಮೊದಲ ಸಾಲಿನಲ್ಲಿ, ಚೀಲದ ಮೇಲೆ ಕುಳಿತಿದ್ದರು. ಅಕ್ಕಿ ಅರಳುವಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಹೆಸರುಗಳು ಬಂದವು, ಅವರ ಹೆಸರನ್ನು ಮೊಮ್ಮಗಳು ಜೋರಾಗಿ ಓದಿ ಹೇಳಿದಳು. ಚಾಚಾ ಮಾತಾಡಲಿಲ್ಲ. ನಾನು ಹತ್ತಿರ ಹೋಗಿ ಕುಳಿತೆ.

“ಎಲ್ಲ ಚೆನ್ನಾಗಿದೆ ತಮ್ಮಾ. ಒಂದು ಕೇಳಲೇ? ರಾತ್ರಿಯೆಲ್ಲ ಹುರಿಯುತ್ತಾನಲ್ಲ, ಒಲೆಗೆ ಹೊಟ್ಟು ಹಾಕುವವರು ಯಾರು?”

94 ಶಾಟ್‌ಗಳನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ಯಾರೂ ಇಲ್ಲ. ಇಡೀ ಚಿತ್ರದಲ್ಲಿ ಒಲೆ ತಾನಾಗಿಯೇ ಉರಿಯುತ್ತಿದೆ. ತುಂಡು ತುಂಡಾಗಿ ಎಲ್ಲರೂ ನೋಡಿದ್ದರು. ಚಾಚಾಗೂ ನಾನು ತೋರಿಸಿದ್ದು ತುಂಡುಗಳನ್ನೇ. ಪೂರ್ತಿಯಾಗಿ ನೋಡುವ ಕೆಲಸ ನನ್ನೊಬ್ಬನದಾಗಿತ್ತು.

ತಲೆಯೆತ್ತಿದರೆ ಹಿಂದಿನ ಸಾಲಿನಿಂದ ದೋಸೆಯ ಹುಡುಗ ಕೇಳಿಸಿಕೊಂಡಿದ್ದಾನೆ, ಬೆರಳು ಮಡಚುತ್ತಿದ್ದಾನೆ. “ಮೂರು ಸೆಕೆಂಡು ಸಾಕಲ್ಲವೇ ಅಣ್ಣಾ? 72 ಚೌಕಟ್ಟು. ಹೊಟ್ಟನ್ನು ಎಡಗೈಯಲ್ಲಿ ಹಾಕುತ್ತಾರೋ, ಬಲಗೈಯಲ್ಲೋ?”

ಚಾಚಾ ಮಂಡಕ್ಕಿಯ ಪೊಟ್ಟಣ ಕೆಳಗಿಟ್ಟು ಎದ್ದು ನಿಂತು ತೋರಿಸಲು ಶುರು ಮಾಡಿದರು.